ಐವತ್ತನ್ನು ಹುಡುಕಿದ ಮಳೆಗಾಲ

ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕಾದ ಜಾಗಗಳು ನನ್ನ ಬಾಳಿನಲ್ಲಿ ಮೂರಿದ್ದವು: ಹೊರಮಾವಿನ ನಮ್ಮ ಮಾರಮ್ಮನ ಗುಡಿ, ಅಜ್ಜಿಯ ಅಡುಗೆಮನೆ, ಕೆ.ಆರ್. ಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು. ಮೊದಲಿನ ಎರಡು ಕಡೆ ತಪ್ಪು ಮಾಡಿದರೆ ಒಂದು ತೆಂಗಿನಕಾಯಿಯಲ್ಲೋ ಒಂದು ಬೈಗುಳದಲ್ಲೋ ಮುಗಿದು ಹೋಗುತ್ತಿತ್ತು. ಲ್ಯಾಬಿನಲ್ಲಿ ಹಾಗಲ್ಲ. ಅಲ್ಲಿ ಮಾಡಿದ ತಪ್ಪು ಪರದೆಯ ಮೇಲೆ ಕೂತುಕೊಂಡು ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು.

ಕಳೆದ ತಿಂಗಳು ಪದವಿಯ ಸರ್ಟಿಫಿಕೇಟ್ ತರಲು ಕಾಲೇಜಿಗೆ ಹೋಗಿದ್ದೆ. ಪಾಸಾಗಿ ಇಷ್ಟು ವರ್ಷವಾದರೂ ಅದನ್ನು ತಂದಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಸೋಮಾರಿ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ಇಳಿಯುವಷ್ಟರಲ್ಲೇ ಮಳೆ ಹಿಡಿದುಕೊಂಡಿತು. ಕಾಲೇಜು ಮುಟ್ಟುವ ಹೊತ್ತಿಗೆ ಮೊಣಕಾಲಿನವರೆಗೆ ತೊಯ್ದಿದ್ದೆ. ಆಫೀಸಿನವರು ಊಟಕ್ಕೆ ಹೋಗಿದ್ದಾರೆ, ಕಾಯಿರಿ ಎಂದ ವಾಚ್‌ಮನ್. ಸುಮ್ಮನೆ ಮೊದಲನೇ ಮಹಡಿಗೆ ಹತ್ತಿದೆ. ಲ್ಯಾಬಿನ ಬಾಗಿಲ ಹೊರಗೆ ಚಪ್ಪಲಿ ಶೂಗಳ ರಾಶಿ. ಯಾರೋ ಬಾಗಿಲು ತೆಗೆದರು. ಒದ್ದೆ ಸಾಕ್ಸು, ಎ.ಸಿ.ಯ ತಣ್ಣನೆಯ ಗಾಳಿ, ಮಲ್ಲಿಗೆ ಎಂದು ಡಬ್ಬಿಯ ಮೇಲೆ ಬರೆದುಕೊಂಡಿರುವ ಆದರೆ ಮಲ್ಲಿಗೆಗೆ ಯಾವ ಸಂಬಂಧವೂ ಇಲ್ಲದ ರೂಮ್ ಸ್ಪ್ರೇ, ಈ ಮೂರೂ ಸೇರಿದ ಆ ವಾಸನೆ ಮುಖಕ್ಕೆ ಬಡಿಯಿತು. ಇನ್ನೊಬ್ಬರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಬಿ.ಸಿ.ಎ. ಎರಡನೇ ವರ್ಷದ ಆ ಮಳೆಗಾಲದಲ್ಲಿ ನಾನು ಆ ಲ್ಯಾಬಿಗೆ ಹೆದರಿಕೊಂಡೇ ಹೋಗುತ್ತಿದ್ದೆ. ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಚೀಟಿ ಎತ್ತಬೇಕು, ಅದರಲ್ಲಿ ಬಂದ ಪ್ರೋಗ್ರಾಮನ್ನು ಹಾಳೆಯಲ್ಲಿ ಬರೆಯಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಓಡಿಸಿ ತೋರಿಸಬೇಕು. ಇಷ್ಟೇ ಪರೀಕ್ಷೆ. ನಾನು ಇಡೀ ಪ್ರೋಗ್ರಾಮುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಹಾಳೆಯಲ್ಲಿ ಸರಿಯಾಗಿಯೇ ಬರೆದೆ. ಟೈಪ್ ಮಾಡಿ ಓಡಿಸಿದಾಗ ಆ ಹಳೆಯ ನೀಲಿ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಸಾಲು ಸಾಲು ತಪ್ಪುಗಳು ಬಂದವು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಅವು ಏನು ಹೇಳುತ್ತಿವೆ ಎಂದು ಓದುವ ಧೈರ್ಯವೇ ಬರಲಿಲ್ಲ. ನನ್ನ ಮಟ್ಟಿಗೆ ಅವೆಲ್ಲ ಒಂದೇ ಮಾತನ್ನು ಹೇಳುತ್ತಿದ್ದವು: ಭಾಗ್ಯ, ಇದು ನಿನ್ನ ಕೈಲಿ ಆಗುವ ಕೆಲಸ ಅಲ್ಲ.

ಎರಡನೇ ಸಲವೂ ಫೇಲಾದರೆ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ, ವರ್ಷ ಕೂರಬೇಕು ಎಂದು ಕಾಲೇಜಿನವರು ಹೇಳಿದ್ದರು. ಹಾಗೆ ಕೂರುವುದಕ್ಕೆ ನನಗೆ ಒಂದು ಜಾಗವೂ ಗೊತ್ತಾಗಿತ್ತು. ಅಮ್ಮನ ತಮ್ಮ, ನಮ್ಮ ಸೋದರಮಾವ, ಹೊರಮಾವಿನಲ್ಲಿ ಎದ್ದ ಅಪಾರ್ಟ್‌ಮೆಂಟುಗಳನ್ನೇ ನಂಬಿ ಟೈಲ್ಸ್ ಅಂಗಡಿ ಇಟ್ಟಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಜಗಳ ಆಡುವುದೇ ಕಷ್ಟ.

"ಯಾಕವ್ವಾ ಇಷ್ಟು ಒದ್ದಾಡ್ತೀಯ?" ಎನ್ನುತ್ತಿದ್ದರು. "ಬಂದು ನಮ್ ಅಂಗಡೀಲಿ ಕೂತ್ಕೋ. ಫ್ಯಾನ್ ಇದೆ, ಟಿವಿ ಇದೆ. ಬಂದೋರಿಗೆ ಟೈಲ್ಸ್ ತೋರ್ಸು. ತಲೆ ಕೆಡಿಸ್ಕೊಳ್ಳೋ ಕೆಲಸ ಯಾಕೆ ನಿಂಗೆ?"

ಅಪ್ಪ ಆ ಅಪಾರ್ಟ್‌ಮೆಂಟುಗಳಿಗೇ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಮಳೆಗಾಲದಲ್ಲಿ ಲೋಡು ಕಡಿಮೆ. ಹಾಗಾಗಿ ಬೆಳಗ್ಗೆ ನನ್ನನ್ನು ಟ್ಯಾಂಕರಿನಲ್ಲೇ ಕೂರಿಸಿಕೊಂಡು ಟಿನ್ ಫ್ಯಾಕ್ಟರಿಯವರೆಗೆ ಬಿಡುತ್ತಿದ್ದರು. ಎತ್ತರದ ಸೀಟಿನಲ್ಲಿ ಕೂತು, ಕೆಳಗೆ ನೀರಿನಲ್ಲಿ ನಿಂತುಹೋದ ಕಾರುಗಳನ್ನು ನೋಡುತ್ತಾ ಹೋಗುವಾಗ ಮಾತ್ರ ನಾನು ರಾಣಿ. ಇಳಿಯುವಾಗ ಅಪ್ಪ ದಿನಾ ಒಂದೇ ಮಾತು ಕೇಳುತ್ತಿದ್ದರು: "ಇವತ್ತು ಲ್ಯಾಬ್ ಐತಾ?" ಇದೆ ಎನ್ನುತ್ತಿದ್ದೆ. ಗೇರು ಹಾಕುವ ಮೊದಲು ಒಂದು ಕ್ಷಣ ನನ್ನ ಮುಖ ನೋಡುತ್ತಿದ್ದರು.

ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಜೊತೆಗಾತಿ ಆಯೇಷಾ, ಶಿವಾಜಿನಗರದವಳು. ಅವರ ತಂದೆಗೆ ಮೋಟಾರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಬಾಯಿ ತೆರೆದರೆ ಕನ್ನಡ, ದಖನಿ, ಇಂಗ್ಲಿಷು ಮೂರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದವು. ನಮ್ಮಿಬ್ಬರಿಗೂ, ನಮಗೆ ಮಾತ್ರವಲ್ಲ ಇಡೀ ತರಗತಿಗೆ, ಒಂದು ಪದ್ಧತಿ ಇತ್ತು. ತಪ್ಪು ಬಂದ ಕೂಡಲೇ ಇಡೀ ಪ್ರೋಗ್ರಾಮನ್ನು ಆರಿಸಿ ಅಳಿಸಿಬಿಡುವುದು, ಮತ್ತೆ ಮೊದಲಿನಿಂದ ಟೈಪ್ ಮಾಡುವುದು. ಮೈಲಿಗೆಯಾದರೆ ತಲೆಗೆ ನೀರು ಹಾಕಿಕೊಂಡು ಬರುವುದಿಲ್ಲವೇ, ಹಾಗೆ. ಹಳೆಯ ತಪ್ಪು ಹೋಗಿ ಹೊಸದೊಂದು ಸೇರಿಕೊಳ್ಳುತ್ತಿತ್ತು. ಮತ್ತೆ ಅಳಿಸುತ್ತಿದ್ದೆವು. ಎರಡು ಗಂಟೆಯ ಲ್ಯಾಬಿನಲ್ಲಿ ಒಂದೇ ಪ್ರೋಗ್ರಾಮಿಗೆ ಹೀಗೆ ನಾಲ್ಕಾರು ಸಲ ಸ್ನಾನ ಆಗುತ್ತಿತ್ತು.

ಆ ವರ್ಷ ನಮ್ಮ ಲ್ಯಾಬು ಸೆಲ್ವಿ ಮೇಡಂ ಕೈಗೆ ಬಂತು. ಹಲಸೂರಿನವರು, ಮನೆಮಾತು ತಮಿಳು. ದಪ್ಪ ಫ್ರೇಮಿನ ಕನ್ನಡಕ, ಕಾಲಿಗೆ ಸದಾ ಬೂದು ಬಣ್ಣದ ಉಣ್ಣೆ ಸಾಕ್ಸು. ಎ.ಸಿ. ಅವರ ಮಂಡಿಗೆ ಆಗುತ್ತಿರಲಿಲ್ಲ, ಎ.ಸಿ. ಇಲ್ಲದೆ ಕಂಪ್ಯೂಟರುಗಳಿಗೆ ಆಗುತ್ತಿರಲಿಲ್ಲ. ಮೊದಲನೇ ದಿನವೇ ನಾನು ಅಳಿಸಲು ಹೊರಟಾಗ ಹಿಂದಿನಿಂದ ಬಂದು ನನ್ನ ಕೈ ಹಿಡಿದುಕೊಂಡರು.

"ಯಾಕಮ್ಮಾ ಅಳಿಸ್ತೀಯ?"

"ತಪ್ಪಾಗಿದೆ ಮೇಡಂ."

"ತಪ್ಪಾಗಿದ್ರೆ ನೋಡ್ಬೇಕಲ್ವಾ ಕಣ್ಣಾ? ಅಳಿಸ್ಬಿಟ್ರೆ ಏನು ನೋಡ್ತೀಯ? ತಪ್ಪು ಅಲ್ಲೇ ಇರ್ಲಿ. ಅದೆಲ್ಲೂ ಓಡೋಗಲ್ಲ."

ಕಣ್ಣಾ ಎನ್ನುವುದು ಅವರ ಬಾಯಲ್ಲಿ ಎಲ್ಲರಿಗೂ ಸಿಗುತ್ತಿದ್ದ ಅಕ್ಕರೆಯ ಮಾತು. ಆದರೂ ಲ್ಯಾಬಿನಲ್ಲಿ ನನ್ನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು.

ಮರುವಾರ ನಾವು ಹೋದಾಗ ಎಲ್ಲ ಕಂಪ್ಯೂಟರಿನಲ್ಲೂ ಒಂದು ಹೊಸ ಸಾಫ್ಟ್‌ವೇರ್ ಇತ್ತು. ಮೇಡಂ ಭಾನುವಾರ ಬಂದು, ಪೆನ್‌ಡ್ರೈವ್ ಹಿಡಿದು, ಒಂದೊಂದೇ ಕಂಪ್ಯೂಟರಿಗೆ ಹಾಕಿದ್ದರಂತೆ. ನಮಗೆ ಸಂತೋಷವೇನೂ ಆಗಲಿಲ್ಲ. ವಿದ್ಯಾರ್ಥಿಗಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಅದನ್ನೇ ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಎಕ್ಸಾಮಲ್ಲಿ ಇದೇ ಇರುತ್ತಾ ಮೇಡಂ?"

"ಎರಡೂ ಇರುತ್ತೆ. ಯಾವ್ದು ಬೇಕೋ ಅದ್ರಲ್ಲಿ ಮಾಡ್ಬಹುದು. ಪ್ರಿನ್ಸಿಪಾಲ್ ಹತ್ರ ಪರ್ಮಿಶನ್ ತಗೊಂಡಿದೀನಿ. ಸರಿಯಾ?"

ಹಳೆಯ ಸಾಫ್ಟ್‌ವೇರ್ ನಾವು ಎಲ್ಲ ಬರೆದು ಮುಗಿಸುವವರೆಗೆ ಸುಮ್ಮನಿದ್ದು ಆಮೇಲೆ ಒಟ್ಟಿಗೆ ಬೈಯುತ್ತಿತ್ತು. ಇದು ಹಾಗಲ್ಲ. ಬರೆಯುತ್ತಿದ್ದ ಹಾಗೇ, ತಪ್ಪಿದ ಜಾಗದ ಕೆಳಗೆ ಒಂದು ಕೆಂಪು ಅಲೆಗೆರೆ ಎಳೆಯುತ್ತಿತ್ತು. ಅದರ ಮೇಲೆ ಬಾಣ ತಂದು ನಿಲ್ಲಿಸಿದರೆ ಏನು ಬೇಕಿತ್ತು ಎಂದು ಒಂದು ಸಾಲಿನಲ್ಲಿ ಹೇಳುತ್ತಿತ್ತು. ಆ ಸಾಲೂ ಇಂಗ್ಲಿಷೇ. ನಾನು ಅದನ್ನು ಓದಲು ಹಿಂಜರಿಯುವುದನ್ನು ಆಯೇಷಾ ಗಮನಿಸಿದಳು. ಅವಳು ಅದನ್ನು ಅವಳ ನಾನಿಯ ದನಿಯಲ್ಲಿ ಓದತೊಡಗಿದಳು. ಸೊಂಟದ ಮೇಲೆ ಕೈ ಇಟ್ಟು, ಕಣ್ಣು ಅರಳಿಸಿ, "ಕ್ಯಾ ಗೇ ಪೋರಿ, ಸೆಮಿಕೋಲನ್ ಕಾಂ ಹೈ?" ಎಂದು, ಏನೇ ಹುಡುಗಿ, ಸೆಮಿಕೋಲನ್ ಎಲ್ಲೇ ಎಂದು ಕೇಳುವಳು. ಕಂಪ್ಯೂಟರು ಬೈದರೆ ಎದೆ ಒಡೆಯುತ್ತಿತ್ತು. ಶಿವಾಜಿನಗರದ ಅಜ್ಜಿಯೊಬ್ಬಳು ಬೈದರೆ ನಗು ಬರುತ್ತಿತ್ತು. ನಗುತ್ತಲೇ ನಾನು ಆ ಸಾಲುಗಳನ್ನು ಓದುವುದು ಕಲಿತೆ.

ಒಂದು ದಿನ ಹದಿನಾಲ್ಕೋ ಹದಿನೈದೋ ತಪ್ಪುಗಳು ಒಟ್ಟಿಗೆ ಬಂದು ನಾನು ಅಳುವುದೊಂದು ಬಾಕಿ. ಮೇಡಂ ಬಂದು ಮೊದಲನೆಯದನ್ನು ಮಾತ್ರ ತೋರಿಸಿದರು. ಒಂದು ಆವರಣ ಮುಚ್ಚಿರಲಿಲ್ಲ. ಮುಚ್ಚಿದೆ. ಅಷ್ಟೂ ತಪ್ಪುಗಳು ಒಟ್ಟಿಗೇ ಮಾಯವಾದವು.

"ನೋಡೇ ಭಾಗ್ಯ," ಎಂದಳು ಆಯೇಷಾ. "ಮೊದ್ಲನೇದು ಅಮ್ಮಾಜಾನ್. ಮಿಕ್ಕಿದ್ದೆಲ್ಲ ಅವಳ ಮಕ್ಳು. ಅಮ್ಮನ್ನ ಹಿಡ್ಕೊಂಡ್ರೆ ಸಾಕು, ಮಕ್ಳೆಲ್ಲ ಹಿಂದೇನೇ ಹೋಗ್ತಾವೆ."

ಆದರೆ ನನ್ನನ್ನು ನಿಜವಾಗಿ ಉಳಿಸಿದ್ದು ಆ ಸಾಫ್ಟ್‌ವೇರಿನ ಇನ್ನೊಂದು ಗುಣ. ಯಾವುದಾದರೂ ಸಾಲಿನ ಪಕ್ಕ ಒತ್ತಿದರೆ ಅಲ್ಲೊಂದು ಕೆಂಪು ಚುಕ್ಕಿ ಮೂಡುತ್ತಿತ್ತು. ಪ್ರೋಗ್ರಾಮು ಓಡುತ್ತಾ ಬಂದು ಆ ಚುಕ್ಕಿಯ ಹತ್ತಿರ ನಿಂತುಬಿಡುತ್ತಿತ್ತು. ಆಮೇಲೆ ನಾವು ಹೇಳಿದರೆ ಒಂದು ಸಾಲು ಮುಂದೆ, ಮತ್ತೆ ಹೇಳಿದರೆ ಇನ್ನೊಂದು ಸಾಲು. ಪಕ್ಕದ ಕಿಟಕಿಯಲ್ಲಿ, ಯಾವ ಹೆಸರಿನಲ್ಲಿ ಈಗ ಯಾವ ಸಂಖ್ಯೆ ಕೂತಿದೆ ಎಂದು ಕಾಣುತ್ತಿತ್ತು. ಅಂಕಗಳನ್ನು ಕೂಡುವ ಒಂದು ಸಣ್ಣ ಪ್ರೋಗ್ರಾಮು ನನಗೆ ಕೋಟಿಗಟ್ಟಲೆ ಮೊತ್ತ ಕೊಡುತ್ತಿತ್ತು. ಚುಕ್ಕಿ ಇಟ್ಟು ನಿಲ್ಲಿಸಿ ನೋಡಿದೆ. ಇನ್ನೂ ಒಂದು ಅಂಕವನ್ನೂ ಕೂಡುವ ಮೊದಲೇ ಮೊತ್ತದ ಡಬ್ಬಿಯಲ್ಲಿ ಯಾವುದೋ ದೊಡ್ಡ ಸಂಖ್ಯೆ ಬಿದ್ದಿತ್ತು. ಶುರುವಿನಲ್ಲಿ ಅದನ್ನು ಸೊನ್ನೆ ಮಾಡುವುದನ್ನೇ ನಾನು ಮರೆತಿದ್ದೆ. ಪಾತ್ರೆ ತೊಳೆಯದೆ ಹಾಲು ಕಾಯಿಸಲು ಇಟ್ಟಂತೆ. ಸೊನ್ನೆ ಹಾಕಿದೆ, ಮೊತ್ತ ಸರಿಯಾಗಿ ಬಂತು.

ನನ್ನ ತಪ್ಪನ್ನು ನಾನೇ ಹಿಡಿದದ್ದು ಅದು ಮೊದಲನೇ ಸಲ. ಹೊರಗೆ ಮಳೆ ಹೊಯ್ಯುತ್ತಿತ್ತು, ಕರೆಂಟು ಹೋಗಿ ಯು.ಪಿ.ಎಸ್.ಗಳೆಲ್ಲ ಒಟ್ಟಿಗೆ ಕೀ ಕೀ ಎನ್ನುತ್ತಿದ್ದವು, ಎಲ್ಲರೂ ಬೇಗ ಬೇಗ ಮುಚ್ಚಿ ಏಳುತ್ತಿದ್ದರು. ನಾನು ಏಳಲೇ ಇಲ್ಲ. ಅಲ್ಲಿಯವರೆಗೆ ತಪ್ಪು ಎಂದರೆ ಅದು ನನ್ನ ಇಡೀ ಮೈಯಲ್ಲಿ, ನನ್ನ ಕನ್ನಡ ಮಾಧ್ಯಮದಲ್ಲಿ, ನನ್ನ ಹಣೆಬರಹದಲ್ಲಿ ಇದೆ ಎಂದುಕೊಂಡಿದ್ದೆ. ಅದಕ್ಕೊಂದು ಜಾಗ ಇರುತ್ತದೆ, ಆ ಜಾಗಕ್ಕೆ ನಡೆದು ಹೋಗಬಹುದು ಎಂದು ಆ ಮಧ್ಯಾಹ್ನ ಗೊತ್ತಾಯಿತು. ಎಷ್ಟು ಖುಷಿಯಾಯಿತೆಂದರೆ ಬಸ್ಸಿಗೆ ಕಾಯುವಾಗ ಗುರುತಿಲ್ಲದ ಹೆಂಗಸೊಬ್ಬರಿಗೆ ನನ್ನ ಛತ್ರಿಯನ್ನು ಹಿಡಿದು ನಿಂತಿದ್ದೆ.

ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಹೀಗೆ ಹೋದವು. ಲ್ಯಾಬಿನಲ್ಲಿ ತಿನ್ನಬಾರದು ಎಂದು ಬೋರ್ಡು ಇದ್ದದ್ದರಿಂದ ಮೇಡಂ ತಂದ, ನಮ್ಮ ಉಸಲಿಯಂಥ ಕಡಲೆ ಸುಂಡಲನ್ನು ಚಪ್ಪಲಿ ರಾಶಿಯ ಪಕ್ಕ ನಿಂತು ತಿನ್ನುತ್ತಿದ್ದೆವು. ನಾನು ಪರವಾಗಿಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದೆ. ಅಪ್ಪ "ಲ್ಯಾಬ್ ಐತಾ?" ಎಂದು ಕೇಳಿದರೆ "ಐತೆ" ಎಂದು ನಗುತ್ತಲೇ ಇಳಿಯುತ್ತಿದ್ದೆ. ಆದರೂ ಪ್ರಾಕ್ಟಿಕಲ್ ಎಂದರೆ ಭಯವೇ. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬರುತ್ತಾರೆ, ಅವರ ಎದುರು ಗಾಬರಿಯಾದರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಲ್ಲಿ ನಮ್ಮ ಲ್ಯಾಬಿನ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಯಾವ ಪ್ರೋಗ್ರಾಮಿಗೆ ಸಂಖ್ಯೆಗಳನ್ನು ಕೊಡಬೇಕಾಗಿ ಬಂದರೂ ನಾವೆಲ್ಲ ಕೊಡುತ್ತಿದ್ದದ್ದು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು. ಅವುಗಳಲ್ಲಿ ಒಂದನ್ನು ಹುಡುಕುವ ಪ್ರೋಗ್ರಾಮಾದರೆ ಹುಡುಕುತ್ತಿದ್ದದ್ದು ಮೂವತ್ತನ್ನು. ಯಾರು ಹೇಳಿಕೊಟ್ಟರು ಎಂದರೆ ಸೀನಿಯರ್ಸ್. ಅವರಿಗೆ ಯಾರು ಎಂದರೆ ಅವರ ಸೀನಿಯರ್ಸ್. ಮೂವತ್ತು ಸೇಫ್ ಎಂಬುದು ನಂಬಿಕೆ. ದೇವರಿಗೆ ಯಾಕೆ ಬಾಳೆಹಣ್ಣೇ ಇಡುತ್ತೀರಿ ಎಂದು ಯಾರೂ ಕೇಳುವುದಿಲ್ಲ, ಹಾಗೆ ಇದನ್ನೂ ಯಾರೂ ಕೇಳಿರಲಿಲ್ಲ. ಹೊಸ ಸಾಫ್ಟ್‌ವೇರ್ ಬಂದ ಮೇಲೂ ನಾವು ಅದಕ್ಕೂ ಅದೇ ನೈವೇದ್ಯ ಇಟ್ಟೆವು.

ಡಿಸೆಂಬರಿನಲ್ಲಿ ಪರೀಕ್ಷೆ. ಚೆನ್ನೈ ಕಡೆ ಸೈಕ್ಲೋನ್ ಎದ್ದರೆ ಬೆಂಗಳೂರಿಗೆ ಮುಸುಕು ಹಾಕಿಕೊಂಡು ಕೂರುವ ಕಾಯಿಲೆ. ಆ ಬೆಳಗ್ಗೆಯೂ ಹಾಗೇ ಇತ್ತು; ಬಿಸಿಲೂ ಇಲ್ಲ, ಸರಿಯಾದ ಮಳೆಯೂ ಇಲ್ಲ, ಜಿಟಿ ಜಿಟಿ, ಚಳಿ. ಅಪ್ಪ ಅವತ್ತು ಟಿನ್ ಫ್ಯಾಕ್ಟರಿಯಲ್ಲಿ ನಿಲ್ಲಿಸದೆ ಕಾಲೇಜಿನ ಗೇಟಿನವರೆಗೂ ಟ್ಯಾಂಕರ್ ತಂದು ಬಿಟ್ಟರು. ವಾಚ್‌ಮನ್ ನೀರು ಬಂತೆಂದು ಗೇಟು ತೆಗೆದ.

ಪರೀಕ್ಷಕರು ಮಂಕಿ ಕ್ಯಾಪ್ ಹಾಕಿಕೊಂಡು ಬಂದ ಸಣಕಲು ಮೇಷ್ಟರು. ಬೆಳಗಿನಿಂದ ಒಂದೇ ಬಗೆಯ ಪ್ರೋಗ್ರಾಮುಗಳನ್ನು ನೋಡಿ ಬೇಸತ್ತ ಮುಖ. ನಾನು ಚೀಟಿ ಎತ್ತಿದೆ. ಮಧ್ಯಕ್ಕೆ ನೋಡಿ ಹುಡುಕುವ ಪ್ರೋಗ್ರಾಮು ಬಂದಿತ್ತು. ಮನಸ್ಸಿನಲ್ಲೇ ಮಾರಮ್ಮನಿಗೆ ಕೈ ಮುಗಿದೆ. ಕ್ರಮವಾಗಿ ಜೋಡಿಸಿದ ಸಂಖ್ಯೆಗಳಲ್ಲಿ ನಟ್ಟನಡುವಿನದನ್ನು ಮೊದಲು ನೋಡುವುದು. ನಮಗೆ ಬೇಕಾದದ್ದು ಅದಕ್ಕಿಂತ ದೊಡ್ಡದಾದರೆ ಎಡಗಡೆಯ ಅರ್ಧವನ್ನು ಬಿಟ್ಟುಬಿಡುವುದು, ಚಿಕ್ಕದಾದರೆ ಬಲಗಡೆಯದನ್ನು. ಹೀಗೆ ಎಡತುದಿ ಬಲತುದಿ ಹತ್ತಿರ ಬರುತ್ತಾ ಬರುತ್ತಾ ಸಿಕ್ಕಿಬಿಡುತ್ತದೆ. ಮೇಡಂ ಇದನ್ನು ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರು. ನನಗೆ ಅಕ್ಷರ ಅಕ್ಷರ ಬರುತ್ತಿತ್ತು.

ಟೈಪ್ ಮಾಡಿದೆ. ಒಂದು ಕಡೆ ಅಲೆಗೆರೆ ಬಂತು, ನಾನಿಯ ದನಿ ನೆನಪಾಯಿತು, ಸೆಮಿಕೋಲನ್ ಹಾಕಿದೆ. ಓಡಿಸಿದೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು. ಹುಡುಕಬೇಕಾದದ್ದು ಮೂವತ್ತು. ಸಿಕ್ಕಿತು ಎಂದು ಬಂತು. ಪರೀಕ್ಷಕರು ಬಂದು ಬಗ್ಗಿ ನೋಡಿದರು.

"ಬೆಳಗ್ಗೆಯಿಂದ ನೋಡ್ತಾ ಇದೀನಿ, ಎಲ್ರೂ ಮೂವತ್ತೇ ಹುಡುಕ್ತೀರಲ್ಲಮ್ಮ. ಏನು, ಮೂವತ್ತು ನಿಮ್ಮ ಮನೆದೇವ್ರಾ? ಐವತ್ತು ಹುಡುಕು."

ಹುಡುಕಿದೆ. ಸಿಗಲಿಲ್ಲ ಎಂದು ಬಂತು.

ಮತ್ತೆ ಹುಡುಕಿದೆ. ಮತ್ತೆ ಸಿಗಲಿಲ್ಲ. ಐವತ್ತು ಪರದೆಯ ಮೇಲೆ ನನ್ನ ಕಣ್ಣೆದುರಿಗೇ ಕೂತಿತ್ತು.

"ಐವತ್ತು ಅಲ್ಲೇ ಇದೆಯಲ್ಲಮ್ಮ? ಬೇರೆ ಚೀಟಿ ಎತ್ಕೊಳ್ತೀಯಾ? ಮಾರ್ಕ್ಸ್ ಕಟ್ ಆಗುತ್ತೆ. ಯೋಚ್ನೆ ಮಾಡಿರು, ಆ ಕಡೆ ನೋಡ್ಕೊಂಡು ಬರ್ತೀನಿ."

ಹಾಗೆ ಅಂಕ ಕಳೆದರೆ ನನ್ನ ಕಥೆ ಮುಗಿದಂತೆಯೇ. ತರಗತಿಯಲ್ಲಿ ಬಂದ ಅಂಕಗಳ ಜೊತೆ ಕೂಡಿದರೂ ಪಾಸಾಗುವಷ್ಟು ಬರುತ್ತಿರಲಿಲ್ಲ. ಕಣ್ಣೆದುರಿಗೆ ಮಾವನ ಅಂಗಡಿಯ ಫ್ಯಾನು ತಿರುಗಿತು. ನನ್ನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಇಡೀ ಪ್ರೋಗ್ರಾಮನ್ನು ಆರಿಸಿತು. ಎಲ್ಲ ಸಾಲುಗಳೂ ನೀಲಿಯಾದವು. ಇನ್ನೊಂದು ಗುಂಡಿ ಒತ್ತಿದರೆ ಸ್ನಾನ ಮುಗಿಯುತ್ತಿತ್ತು.

ತಲೆ ಎತ್ತಿದೆ. ಮೇಡಂ ಕಿಟಕಿಯ ಹತ್ತಿರ ನಿಂತಿದ್ದರು. ಪರೀಕ್ಷೆಯಲ್ಲಿ ಅವರು ಒಂದು ಮಾತೂ ಆಡುವಂತಿಲ್ಲ, ಸನ್ನೆಯನ್ನೂ ಮಾಡುವಂತಿಲ್ಲ. ಮಾಡಲಿಲ್ಲ ಕೂಡ. ತಮ್ಮ ಬೂದು ಸಾಕ್ಸನ್ನೇ ನೋಡುತ್ತಾ ನಿಂತಿದ್ದರು. ಆದರೆ ಆ ಸಾಕ್ಸು ನೋಡಿದ್ದೇ ನನಗೆ ಮೊದಲ ದಿನದ ಮಾತು ಕೇಳಿಸಿತು. ತಪ್ಪು ಅಲ್ಲೇ ಇರ್ಲಿ. ಗುಂಡಿಯ ಮೇಲಿನ ಬೆರಳು ತೆಗೆದೆ.

ಹುಡುಕಾಟ ಶುರುವಾಗುವ ಸಾಲಿನ ಪಕ್ಕ ಕೆಂಪು ಚುಕ್ಕಿ ಇಟ್ಟೆ. ಐವತ್ತು ಕೊಟ್ಟು ಓಡಿಸಿದೆ. ನಿಂತಿತು. ಒಂದೊಂದೇ ಸಾಲು ಮುಂದೆ ನಡೆಸಿದೆ, ಪಕ್ಕದ ಕಿಟಕಿಯ ಮೇಲೆ ಕಣ್ಣಿಟ್ಟು. ನಡುವಿನದು ಮೂವತ್ತು, ಚಿಕ್ಕದು, ಎಡತುದಿ ಸರಿದು ನಲವತ್ತರ ಮೇಲೆ ಬಂತು. ಅದೂ ಚಿಕ್ಕದು, ಎಡತುದಿ ಮತ್ತೆ ಸರಿದು ಐವತ್ತರ ಮೇಲೆ ಬಂದು ನಿಂತಿತು. ಬಲತುದಿ ಮೊದಲಿನಿಂದಲೂ ಅಲ್ಲೇ ಇತ್ತು. ಎರಡೂ ತುದಿಗಳು ಐವತ್ತರ ಮೇಲೇ ನಿಂತಿವೆ, ಇನ್ನು ನೋಡಬೇಕು ಅಷ್ಟೇ. ನಾನು ಮುಂದೆ ಒತ್ತಿದೆ. ಪ್ರೋಗ್ರಾಮು ಐವತ್ತನ್ನು ನೋಡಲೇ ಇಲ್ಲ. ಹುಡುಕಾಟ ಬಿಟ್ಟು ಹೊರಗೆ ಹಾರಿತು. ಬಾಗಿಲವರೆಗೆ ಬಂದು, ಬೆಲ್ ಒತ್ತದೆ, ಮನೆಯಲ್ಲಿ ಯಾರೂ ಇಲ್ಲ ಎಂದು ಹಿಂದಿರುಗಿ ಹೋದ ನೆಂಟರ ಹಾಗೆ.

ಯಾಕೆ ಎಂದು ಆ ಸಾಲನ್ನು ಓದಿದೆ. ಎಡತುದಿ ಬಲತುದಿಗಿಂತ ಚಿಕ್ಕದಾಗಿ ಇರುವವರೆಗೆ ಮಾತ್ರ ಹುಡುಕು ಎಂದಿತ್ತು. ಎರಡೂ ಸಮವಾದಾಗಲೂ ಒಂದು ಸಂಖ್ಯೆ ನೋಡುವುದು ಉಳಿದಿರುತ್ತದೆ ಎಂಬುದನ್ನು ಬರೆದವರು ಮರೆತಿದ್ದರು. ಚಿಕ್ಕದು ಎನ್ನುವ ಚಿಹ್ನೆಯ ಪಕ್ಕದಲ್ಲಿ ಸಮ ಎನ್ನುವ ಚಿಹ್ನೆ ಇರಬೇಕಿತ್ತು. ಮೂವತ್ತು ನಟ್ಟನಡುವೆ ಇದ್ದದ್ದರಿಂದ ಮೊದಲ ನೋಟಕ್ಕೇ ಸಿಕ್ಕಿಬಿಡುತ್ತಿತ್ತು. ಈ ತಪ್ಪಿನವರೆಗೆ ಯಾರೂ ಬಂದೇ ಇರಲಿಲ್ಲ. ಕೆಂಪು ಅಲೆಗೆರೆಯೂ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ವಾಕ್ಯ ಸರಿಯಾಗಿಯೇ ಇದೆ. ಕೇಳಿದ ಕೆಲಸವೇ ತಪ್ಪು.

ಬರೆದವರು ಎಂದೆನಲ್ಲ, ಅಲ್ಲೇ ನನ್ನ ಎದೆ ಝಲ್ಲೆಂದಿತು. ಬೋರ್ಡಿನ ಮೇಲೆ ಇದ್ದದ್ದೇ ಹಾಗೆ. ನಾನು ಒಂದು ಚುಕ್ಕಿಯನ್ನೂ ಬದಲಾಯಿಸುವ ಧೈರ್ಯ ಇಲ್ಲದವಳು, ಕಂಡದ್ದನ್ನು ಕಂಡ ಹಾಗೆ ಕಲಿತವಳು. ಇದು ಸೆಲ್ವಿ ಮೇಡಂ ಕೈಬರಹ. ಇದನ್ನು ಹೊರಗಿನ ಮೇಷ್ಟರ ಎದುರು ಹೇಳಿದರೆ ಅವರ ಮರ್ಯಾದೆ ಏನಾಗಬೇಕು?

ಸಮ ಚಿಹ್ನೆ ಸೇರಿಸಿದೆ. ಐವತ್ತು ಹುಡುಕಿದೆ. ಸಿಕ್ಕಿತು. ಇಪ್ಪತ್ತೂ ಸಿಕ್ಕಿತು, ಹತ್ತೂ ಸಿಕ್ಕಿತು. ಪರೀಕ್ಷಕರು ವಾಪಸು ಬಂದರು.

"ಏನಾಗಿತ್ತಮ್ಮ?"

"ನಾನೇ ತಪ್ಪು ಟೈಪ್ ಮಾಡ್ಬಿಟ್ಟಿದ್ದೆ ಸರ್. ಸರಿ ಮಾಡ್ದೆ."

"ಹೂಂ, ಗಮನ ಇಟ್ಟು ಮಾಡ್ಬೇಕು," ಎಂದು ಅವರು ಪೆನ್ನು ತೆಗೆದರು. ನಾನು ಸಮ ಚಿಹ್ನೆ ಸೇರಿಸಿದ್ದನ್ನು ಕಿಟಕಿಯ ಹತ್ತಿರದಿಂದಲೇ ನೋಡಿದ್ದ ಮೇಡಂ ದನಿ ಆಗ ಬಂತು.

"ಇಲ್ಲ ಸರ್. ಅವಳು ಸರಿಯಾಗೇ ಟೈಪ್ ಮಾಡಿದ್ಲು. ನಾನು ಬೋರ್ಡ್ ಮೇಲೆ ಬರೆದಿದ್ದೇ ತಪ್ಪು." ಇಷ್ಟು ಹೇಳಿ ನಮ್ಮ ಹತ್ತಿರ ಬಂದರು. "ಅವಳ ಹಾಳೆ ನೋಡಿ, ಅದ್ರಲ್ಲೂ ಹಾಗೇ ಇರುತ್ತೆ. ಎಲ್ಲರ ಹಾಳೇಲೂ ಇರುತ್ತೆ. ವರ್ಷ ವರ್ಷ ಹಾಗೇ ಬರೆಸ್ತಾ ಇದೀನಿ. ತಪ್ಪು ನಂದು ಸರ್. ಕಂಡುಹಿಡಿದಿದ್ದು ಅವಳು."

ಲ್ಯಾಬಿನಲ್ಲಿ ಕೀಬೋರ್ಡುಗಳ ಸದ್ದು ನಿಂತಿತು. ಆಯೇಷಾ ಆಚೆ ಸಾಲಿನಿಂದ ಬಾಯಿ ತೆರೆದು ನೋಡುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪರೀಕ್ಷಕರು ನನ್ನ ಹಾಳೆ ತೆಗೆದು ನೋಡಿದರು, ಪರದೆ ನೋಡಿದರು, ಹೇಗೆ ಹಿಡಿದೆ ತೋರಿಸು ಎಂದರು. ನಾನು ಚುಕ್ಕಿ ಇಟ್ಟು ಒಂದೊಂದೇ ಸಾಲು ನಡೆಸಿ ತೋರಿಸಿದೆ. ಎರಡು ತುದಿಗಳೂ ಐವತ್ತರ ಮೇಲೆ ಬಂದಾಗ "ನಿಲ್ಲಿಸು, ನಿಲ್ಲಿಸು," ಎಂದರು. ಮಂಕಿ ಕ್ಯಾಪ್ ತೆಗೆದು ತಲೆ ಕೆರೆದುಕೊಂಡರು.

"ಮೇಡಂ," ಎಂದರು ಸಣ್ಣ ದನಿಯಲ್ಲಿ, "ನಮ್ ಕಾಲೇಜಲ್ಲೂ ನಾನು ಇದನ್ನೇ ಬರೆಸೋದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮೊದಲು ಅವರು, ಆಮೇಲೆ ಮೇಡಂ, ಆಮೇಲೆ ಧೈರ್ಯ ಬಂದ ಮೇಲೆ ನಾವೆಲ್ಲ. ನನ್ನನ್ನು ಅವರು ಇನ್ನೇನೂ ಕೇಳಲಿಲ್ಲ. ಪೆನ್ನು ಹಿಡಿದು ಹಾಕಿದ ಅಂಕ ಎಷ್ಟೆಂದು ಫಲಿತಾಂಶ ಬರುವವರೆಗೆ ನನಗೆ ಗೊತ್ತಾಗಲಿಲ್ಲ, ಆದರೆ ಪಾಸಾದೆ ಎಂದು ಆ ನಗುವಿನಲ್ಲೇ ಗೊತ್ತಾಗಿತ್ತು.

ಮಧ್ಯಾಹ್ನ ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕುತ್ತಿದ್ದಾಗ ಮೇಡಂ ಹೊರಗೆ ಬಂದರು. "ಸಾರಿ ಮೇಡಂ," ಎಂದೆ. ಯಾವುದಕ್ಕೆ ಎಂದು ನನಗೇ ಸ್ಪಷ್ಟವಿರಲಿಲ್ಲ.

"ನನಗೋಸ್ಕರ ಸುಳ್ಳು ಹೇಳ್ಬೇಡ ಕಣ್ಣಾ," ಎಂದರು. ಸಿಟ್ಟಿರಲಿಲ್ಲ. "ನೀನು ಇವತ್ತು ಮುಚ್ಚಿಟ್ಟಿದ್ರೆ ಅದು ಮುಂದಿನ ಬ್ಯಾಚ್‌ಗೆ ಹೋಗ್ತಾ ಇತ್ತು. ಅವರಿಂದ ಅದರ ಮುಂದಿನೋರಿಗೆ. ಸಿಕ್ಕಿದ್ದು ಒಳ್ಳೇದಾಯ್ತು. ಸುಂಡಲ್ ಇದೆ, ತಿಂತೀಯಾ?"

ತಿಂದೆ. ಅಳುತ್ತಾ ತಿಂದೆ. ಆಯೇಷಾ ನನ್ನ ಪಾಲಿನದನ್ನೂ ಅರ್ಧ ತಿಂದಳು. ಗೇಟಿನ ಹೊರಗೆ ಅಪ್ಪನ ಟ್ಯಾಂಕರ್ ನಿಂತಿತ್ತು. ಬೆಳಗಿನಿಂದ ಲೋಡಿಗೆ ಹೋಗದೆ ಅಲ್ಲೇ ಕಾದಿದ್ದರಂತೆ. ನನ್ನ ಅಳುಮುಖ ಕಂಡು ಗಾಬರಿಯಾಗಿ ಇಳಿದು ಬಂದರು. "ಆಯ್ತಪ್ಪಾ," ಎಂದೆ. ಅವರು ತಮ್ಮ ಹೆಗಲ ಟವಲಿನಿಂದ ನನ್ನ ಮುಖ ಒರೆಸಿದರು, ಐದು ವರ್ಷದ ಮಗುವಿಗೆ ಒರೆಸುವ ಹಾಗೆ, ಎಲ್ಲರ ಎದುರಿಗೇ.

ಈಗ ನಾನು ಇಂದಿರಾನಗರದ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಐವತ್ತು ಸಿಗುತ್ತದೆಯೇ ಎಂದು ಹುಡುಕುವುದೇ ನನ್ನ ಉದ್ಯೋಗ. ಮೂವತ್ತನ್ನು ಅವರೇ ಹುಡುಕಿ ತಂದಿರುತ್ತಾರೆ. ಈಗಿನ ಟೂಲುಗಳು ಕೇಳಿದರೆ ತಪ್ಪನ್ನು ತೋರಿಸಿ, ತಿದ್ದಿಯೂ ಕೊಡುತ್ತವೆ. ನಾನೂ ಬಳಸುತ್ತೇನೆ, ಅವುಗಳಿಗೂ ಋಣಿ. ಆದರೂ ಅವು ತಿದ್ದಿಕೊಟ್ಟದ್ದಕ್ಕೂ ಒಂದು ಕೆಂಪು ಚುಕ್ಕಿ ಇಟ್ಟು ನಿಲ್ಲಿಸಿ ನೋಡದೆ ನನಗೆ ನಂಬಿಕೆ ಬರುವುದಿಲ್ಲ. ಆಯೇಷಾ ಫ್ರೇಜರ್ ಟೌನಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ, ನಾನಿಯ ದನಿ ಸಮೇತ. ಮಾವ ತಮ್ಮ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ನನಗೆ ಫೋನ್ ಮಾಡುತ್ತಾರೆ.

ಕಳೆದ ತಿಂಗಳ ಆ ಮಳೆಯ ಮಧ್ಯಾಹ್ನ ನಾನು ಚಪ್ಪಲಿ ಬಿಟ್ಟು ಲ್ಯಾಬಿನ ಒಳಗೆ ಹೆಜ್ಜೆ ಇಟ್ಟೆ. ಸೆಲ್ವಿ ಮೇಡಂ ಕಿಟಕಿಯ ಹತ್ತಿರವೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಸಾಕ್ಸು ಅದೇ ಬೂದು. ನನ್ನನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು, ಆಮೇಲೆ ಮುಖ ಅರಳಿತು. ನಾನು ಏನೋ ಹೇಳಲು ಹೋದೆ. ಅವರು ತುಟಿಯ ಮೇಲೆ ಬೆರಳು ಇಟ್ಟು ಬೋರ್ಡಿನ ಕಡೆ ಕಣ್ಣು ತೋರಿಸಿದರು.

ಬೋರ್ಡಿನ ಮೇಲೆ ನಮ್ಮ ಹಳೆಯ ಹುಡುಕುವ ಪ್ರೋಗ್ರಾಮು ಇತ್ತು. ಚಿಕ್ಕದು ಎನ್ನುವ ಚಿಹ್ನೆ ಒಂದೇ ನಿಂತಿತ್ತು. ಪಕ್ಕದಲ್ಲಿ ಸಮ ಚಿಹ್ನೆ ಇರಲಿಲ್ಲ.

"ಪ್ರತಿ ವರ್ಷ ಹೀಗೇ ಬರೀತೀನಿ, ಬೇಕಂತಾನೇ," ಎಂದು ಕಿವಿಯಲ್ಲಿ ಹೇಳಿದರು. "ಕೊನೇಲಿ ನಿನ್ ಕಥೆ ಹೇಳ್ತೀನಿ. ಈಗ ಸುಮ್ನೆ ನಿಂತ್ಕೋ. ಏನೂ ಹೇಳ್ಬೇಡ."

ನನ್ನ ಎದುರಿನ ಕಂಪ್ಯೂಟರಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೂತಿದ್ದಳು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂದು ಕೊಟ್ಟಳು. ಈ ಪದ್ಧತಿ ನಮ್ಮನ್ನೆಲ್ಲ ದಾಟಿ ಬದುಕಿದೆ! ಮೂವತ್ತು ಹುಡುಕಿದಳು, ಸಿಕ್ಕಿತು, ಪಕ್ಕದವಳ ಕೈಗೆ ಕೈ ತಟ್ಟಿದಳು. ಮೇಡಂ ಏನೂ ಅರಿಯದವರಂತೆ ಹೇಳಿದರು: "ಚೆನ್ನಾಗಿದೆ. ಈಗ ಐವತ್ತು ಹುಡುಕಮ್ಮಾ."

ಸಿಗಲಿಲ್ಲ. ಹುಡುಗಿಯ ಬೆನ್ನು ನೆಟ್ಟಗಾಯಿತು. ಮತ್ತೊಮ್ಮೆ ಹುಡುಕಿದಳು. ಮುಖ ನನಗೆ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಅವಳ ಕೈ ಕೀಬೋರ್ಡಿನ ಮೇಲೆ ಸರಿಯಿತು, ಎಲ್ಲ ಸಾಲುಗಳೂ ಒಟ್ಟಿಗೆ ನೀಲಿಯಾದವು.

"ಅಳಿಸ್ಬೇಡ ಕಣ್ಣಾ," ಎಂದುಬಿಟ್ಟೆ.

ಇಡೀ ಲ್ಯಾಬು ತಿರುಗಿ ನೋಡಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಹೇಳ್ಬೇಡ ಅಂದಿದ್ನಲ್ಲ ನಿಂಗೆ," ಎಂದರು. ಬೈಯುವ ದನಿಯಾಗಿರಲಿಲ್ಲ. ಹುಡುಗಿ ಗುಂಡಿಯ ಮೇಲಿಂದ ಬೆರಳು ತೆಗೆದು, ಒಂದು ಗಳಿಗೆ ನನ್ನನ್ನು ನೋಡಿ, ಮತ್ತೆ ಪರದೆಯ ಕಡೆ ತಿರುಗಿದಳು. ಹುಡುಕಾಟ ಶುರುವಾಗುವ ಸಾಲಿನ ಪಕ್ಕ ಒಂದು ಕೆಂಪು ಚುಕ್ಕಿ ಮೂಡಿತು.